ನೆಲದ ಮೇಲೆ ಕೂತವರ ಅಭಿಪ್ರಾಯ

ಮಹಾಲಿಂಗಪುರದ ಯಾವುದಾದರೂ ಚಾದಂಗಡಿಯಲ್ಲಿ ಒಂದು ತಾಸು ಕೂತು ನೋಡಿರಿ. ಮಗ್ಗ ಬಿಟ್ಟು ಬಂದವನು, ಬೆಲ್ಲದ ಪೇಟೆಯಲ್ಲಿ ಹಮಾಲಿ ಮುಗಿಸಿ ಬಂದವನು, ಕಬ್ಬು ಕಡಿದು ಬಂದವನು, ಎಲ್ಲರಿಗೂ ಸಿನೆಮಾದ ಮೇಲೆ ಒಂದು ಮಾತು ಇದ್ದೇ ಇರುತ್ತದೆ. "ಹಾಡು ಚಲೋ ಅದಾವು, ಕತಿ ಏನೂ ಇಲ್ಲ." "ಹೊಡದಾಟ ಜೋರ ಮಾಡ್ಯಾನ, ಅಳಾಕ ಬರಂಗಿಲ್ಲ ಅವಗ." ಪಂಡಿತರು ಇದನ್ನು ಹರಟೆ ಎನ್ನುತ್ತಾರೆ. ಅಚ್ಚಾದದ್ದು ಮಾತ್ರ ವಿಮರ್ಶೆ ಎಂದು ಅವರ ಲೆಕ್ಕ. ಆದರೆ ಈ ಹರಟೆಗೂ ಒಂದು ಇತಿಹಾಸ ಇದೆ. "ಚಲೋ ಇಲ್ಲ" ಅನ್ನಬೇಕಾದರೆ ಮೊದಲು ನೋಡಬೇಕು. ನೋಡಬೇಕಾದರೆ ಕೂಡ್ರಲು ಜಾಗ ಬೇಕು. ಆ ಜಾಗ ನಮ್ಮ ಮಂದಿಗೆ ಯಾವಾಗ ಸಿಕ್ಕಿತು? ಎಷ್ಟು ಸಿಕ್ಕಿತು?

ನಮ್ಮದು ಆಟದ ಸೀಮೆ. ಶ್ರೀಕೃಷ್ಣ ಪಾರಿಜಾತ, ದೊಡ್ಡಾಟ, ಸಣ್ಣಾಟ, ಜಾತ್ರೆ ಬಂತೆಂದರೆ ಬೆಳತನಕ ಆಟ. ಡಂಗುರ ಸಾರಲು, ಹಲಗಿ ಬಾರಿಸಲು ಕೇರಿಯವರು ಬೇಕು. ನೋಡಲು ಕೂಡ್ರುವಾಗ ಮಾತ್ರ ಊರಿನವರು ಮುಂದೆ, ಕೇರಿಯವರು ದೂರ. ಗೌಡ "ಭೇಷ್" ಅಂದರೆ ಆಟ ಭೇಷ್. ದೂರ ನಿಂತವನಿಗೂ ಒಂದು ಅಭಿಪ್ರಾಯ ಇತ್ತು. ಅದನ್ನು ಕೇಳಿದವರು ಯಾರು?

ಮುಂದೆ ಸಿನೆಮಾ ಬಂತು. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ' ತೆರೆ ಕಂಡದ್ದು 1934ರಲ್ಲಿ. ಅದು ತಯಾರಾದದ್ದು ಬೆಂಗಳೂರಿನಲ್ಲಲ್ಲ, ನಮ್ಮ ಪಕ್ಕದ ಕೊಲ್ಲಾಪುರದಲ್ಲಿ. ಆಗ ಮಹಾಲಿಂಗಪುರ ಮುಧೋಳದ ಘೋರ್ಪಡೆ ಸಂಸ್ಥಾನದ ಊರು. ಟಾಕೀಜು ಒಂದು ಹೊಸ ಕಾನೂನು ತಂದಿತು: ಟಿಕೀಟು. ರೊಕ್ಕ ಕೊಟ್ಟವನಿಗೆ ಜಾಗ. ದೀಪ ಆರಿದ ಮೇಲೆ ಯಾರ ಮೈ ಯಾರಿಗೆ ತಾಗಿತೆಂದು ಯಾರು ಹೇಳಬೇಕು? ಆದರೆ ಹಳೆಯ ಜಾತಿಯ ಪಕ್ಕದಲ್ಲೇ ರೊಕ್ಕದ ಜಾತಿಯೂ ಬಂದು ಕೂತಿತು: ಕುರ್ಚಿ, ಬೆಂಚು, ನೆಲ. ನಮ್ಮವರಿಗೆ ನೆಲ.

ಆ ನೆಲವೂ ಪುಕ್ಕಟೆ ಬಂದದ್ದಲ್ಲ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ಕಲಮು ತೆಗೆದು ಓದಿರಿ. ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳ ಸಾಲಿನಲ್ಲೇ ಸಾರ್ವಜನಿಕ ಮನರಂಜನೆಯ ಸ್ಥಳವೂ ಇದೆ. ಜಾತಿಯ ಹೆಸರಿನಲ್ಲಿ ಅಲ್ಲಿ ಯಾರನ್ನೂ ತಡೆಯುವಂತಿಲ್ಲ. ಬಾಬಾಸಾಹೇಬರು ಅಧ್ಯಕ್ಷರಾಗಿದ್ದ ಕರಡು ಸಮಿತಿ ಸಿದ್ಧಪಡಿಸಿದ ಸಂವಿಧಾನ ಇದು. ನೀರು ಎಷ್ಟು ಹಕ್ಕೋ ನೋಟವೂ ಅಷ್ಟೇ ಹಕ್ಕು ಎಂದು ಅದು ಹೇಳಿತು. ತಡೆದವನಿಗೆ ಶಿಕ್ಷೆ ಇಟ್ಟದ್ದು 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ.

ಸರಿ, ಒಳಗೆ ಹೋದೆವು. ಪರದೆಯ ಮೇಲೆ ಕಂಡದ್ದೇನು? 1965ರ 'ಸತ್ಯ ಹರಿಶ್ಚಂದ್ರ'ದಲ್ಲಿ ರಾಜಕುಮಾರ್ ಅರಸ. ಅರಸನಿಗೆ ಬಂದ ಘೋರ ಕಷ್ಟ ಯಾವುದು? ವೀರಬಾಹುವಿನ ಆಳಾಗಿ ಸುಡುಗಾಡು ಕಾಯುವುದು. ಟಾಕೀಜಿಗೆ ಟಾಕೀಜೇ ಅತ್ತಿತು. ನೆಲದ ಮೇಲೆ ಕೂತಿದ್ದ ನಮ್ಮ ಅಜ್ಜ ಹೊರಗೆ ಬಂದು ಬೀಡಿ ಹಚ್ಚಿ ಅಂದ: "ಅರಸ ಆ ಕೆಲಸ ಎಷ್ಟ ದಿನಾ ಮಾಡಿದಾ? ನಾವು ಹುಟ್ಟಿದಾಗಿಂದ ಮಾಡಾಕತ್ತೇವಿ. ನಮ್ಮ ಸಲುವಾಗಿ ಯಾರ ಅತ್ತಾರ?" ಇದಕ್ಕಿಂತ ದೊಡ್ಡ ವಿಮರ್ಶೆಯನ್ನು ನಾನು ಯಾವ ಪತ್ರಿಕೆಯಲ್ಲೂ ಓದಿಲ್ಲ.

ಬಿ.ವಿ. ಕಾರಂತರ 'ಚೋಮನ ದುಡಿ' 1975ರಲ್ಲಿ ಬಂತು. ಸ್ವರ್ಣ ಕಮಲ ಪಡೆಯಿತು. ಅದಕ್ಕೂ ಒಂದು ವರ್ಷ ಮೊದಲು, 1974ರಲ್ಲಿ, ಉಳುವವನೇ ಒಡೆಯ ಎಂಬ ಭೂಸುಧಾರಣೆ ಜಾರಿಗೆ ಬಂದಿತ್ತು. ಭೂಮಿ ಸಿಕ್ಕಿದ್ದು ಗೇಣಿದಾರನಿಗೆ. ಚೋಮ ಗೇಣಿದಾರನೂ ಅಲ್ಲ, ಬರೀ ಆಳು. ಪ್ರಶಸ್ತಿ ಕೊಟ್ಟವರು ಅವನ ದುಡಿಯ ದನಿ ಕೇಳಿದರು. ಕೇರಿ ಕೇಳಿದ್ದು ಬೇರೆ ಪ್ರಶ್ನೆ: "ಭೂಮಿ ಬೇಡಿದಾಂವ ಸಾಯೂದ್ಯಾಕ?"

ಇನ್ನು ಟಿ.ವಿ. ಕರ್ನಾಟಕದಲ್ಲಿ ಅದು ಮೊದಲು ಬೆಂಗಳೂರಿಗೆ ಬಂತೆಂದು ಬಹಳ ಮಂದಿ ತಿಳಿದಿದ್ದಾರೆ. ಸುಳ್ಳು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ಅದಕ್ಕೂ ಮೊದಲೇ, 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ಬಂದಿತ್ತು. 'ಸೈಟ್' ಎಂದು ಅದರ ಹೆಸರು. ನಮ್ಮ ರಾಜ್ಯದಲ್ಲಿ ಆರಿಸಿದ್ದು ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು. 1997ರಲ್ಲಿ ಬಾಗಲಕೋಟೆ ಜಿಲ್ಲೆ ಆಗುವತನಕ ಮಹಾಲಿಂಗಪುರವೂ ವಿಜಾಪುರ ಜಿಲ್ಲೆಯದೇ.

ಕೋಳಿಗೂಡಿನ ಜಾಳಿಗೆಯಂಥ ತಂತಿಬಲೆಯಿಂದ ಮಾಡಿದ ಹತ್ತು ಅಡಿ ಅಗಲದ ತಟ್ಟೆ, ಅದಕ್ಕೊಂದು ಪೆಟ್ಟಿಗೆ. ಇಟ್ಟದ್ದು ಶಾಲೆ, ಪಂಚಾಯತಿಯಂಥ ಸರಕಾರಿ ಜಾಗದಲ್ಲಿ. ಮುಖ್ಯ ಮಾತು ಇದೇ. ದೂರ ಕೂಡ್ರುವ ರೂಢಿ ಒಂದೇ ಸಂಜೆಗೆ ಸಾಯುವುದಿಲ್ಲ, ನಿಜ. ಆದರೂ ಆ ಅಂಗಳ ಗೌಡನ ಅಪ್ಪನ ಆಸ್ತಿಯಾಗಿರಲಿಲ್ಲ. ಸಂಶೋಧಕರು ಹಳ್ಳಿಗೇ ಬಂದು ಮಂದಿಯ ಅಭಿಪ್ರಾಯ ಬರೆದುಕೊಂಡರು. ಆಗ ದೇಶದಲ್ಲಿ ತುರ್ತು ಪರಿಸ್ಥಿತಿ. ಪತ್ರಿಕೆಗಳ ಬಾಯಿ ಕಟ್ಟಿತ್ತು. ಒಕ್ಕಲುತನದ ಕಾರ್ಯಕ್ರಮ ಹೆಂಗಿತ್ತು ಅಂತ ಕೇಳಿದರು. ಸರಕಾರ ಹೆಂಗೈತಿ ಅಂತ ಯಾರೂ ಕೇಳಲಿಲ್ಲ.

1976ರ ಜುಲೈ ಕೊನೆಗೆ ಆ ಪ್ರಯೋಗ ಮುಗಿಯಿತು. ಎಂಬತ್ತರ ದಶಕದಲ್ಲಿ ಟಿ.ವಿ. ಮತ್ತೆ ಬಂತು, ಈ ಸಲ ಉಳ್ಳವರ ಪಡಸಾಲೆಗೆ. 1987, 88ರ ಆದಿತ್ಯವಾರ ಮುಂಜಾನೆ 'ರಾಮಾಯಣ'. ಒಂದು ಮನೆಯ ಹೊಸ್ತಿಲ ಹೊರಗೆ ನಾವು ಹುಡುಗರು ಕತ್ತು ಉದ್ದ ಮಾಡಿ ನಿಂತಿದ್ದೆವು. ರಾಮ ಶಬರಿಯ ಎಂಜಲು ಹಣ್ಣು ತಿಂದ. ಒಳಗಿನವರು ಕಣ್ಣು ಒರೆಸಿಕೊಂಡರು. ನಮ್ಮನ್ನು ಒಳಗೆ ಕರೆಯಲಿಲ್ಲ. ಸಂವಿಧಾನದ ಕಲಮು ಟಾಕೀಜಿನ ಬಾಗಿಲು ತೆರೆದಿತ್ತು. ಪಡಸಾಲೆಗೆ ಅದರ ಕೈ ಮುಟ್ಟಲಿಲ್ಲ.

ಈಗ ಕೂಲಿಕಾರನ ಕೈಯಲ್ಲೂ ಫೋನು ಇದೆ. ನೋಡಲು ಯಾರ ಹೊಸ್ತಿಲೂ ಬೇಕಿಲ್ಲ. ಹಾಗೆಂದು ಹಳೆಯ ಲೆಕ್ಕ ಚುಕ್ತಾ ಆಯಿತೇ? ಪರದೆಯ ಮೇಲೆ ಯಾರ ಬದುಕು ಕತೆಯಾಗುತ್ತದೆ, ಯಾರ ಬದುಕು ಮತ್ತೊಬ್ಬನ ಕಷ್ಟದ ಅಳತೆಗೋಲಾಗುತ್ತದೆ? ನಮ್ಮ ಅಜ್ಜನ ಪ್ರಶ್ನೆ ಇನ್ನೂ ಅಲ್ಲೇ ನಿಂತಿದೆ.

ಹಳ್ಳಿಯ ಮಾಸ್ತರರೇ, ಗೆಳೆಯರೇ, ಒಂದು ಕೆಲಸ ಮಾಡಿರಿ. ನಿಮ್ಮೂರ ಕೇರಿಯ ಹಿರಿಯರನ್ನು ಕೇಳಿರಿ: ಮೊದಲ ಸಿನೆಮಾ ಯಾವುದು ನೋಡಿದಿರಿ, ಎಲ್ಲಿ ಕೂತು ನೋಡಿದಿರಿ, ಹೊರಗೆ ಬಂದು ಏನಂದಿರಿ? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡಿರಿ. ನೆಲದ ಮೇಲೆ ಕೂತವರ ಅಭಿಪ್ರಾಯವನ್ನು ನಾವು ಬರೆಯದಿದ್ದರೆ ಕುರ್ಚಿಯವರು ಬರೆಯುತ್ತಾರೆಯೇ?