ಬಿಸಿಲಿನ ಜಮಾಖರ್ಚು

ಅಕ್ಕನ ಮಗ ಯಲಹಂಕದ ಮನೆಯ ಮುಂದೆ ಹಳೆಯದೊಂದು ಟೆಂಪೊ ಟ್ರಾವೆಲರ್ ತಂದು ನಿಲ್ಲಿಸಿದ ದಿನ ಬೀದಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ವಿಚಾರಿಸಿಕೊಂಡು ಹೋದರು. "ಸ್ಕೂಲಿಗೆ ಓಡಿಸ್ತೀರಾ, ಮದುವೆಗೆ ಬಾಡಿಗೆಗೆ ಬಿಡ್ತೀರಾ?" ಎಂದು ಕೇಳಿದವರಿಗೆ ಅಕ್ಕ, "ಎರಡೂ ಅಲ್ಲ ಕಣ್ರೀ, ಅದರೊಳಗೇ ಸಂಸಾರ ಹೂಡ್ತಾನಂತೆ" ಎಂದು ಅರ್ಧ ನಗು, ಅರ್ಧ ಸಂಕಟದಲ್ಲಿ ಉತ್ತರ ಕೊಟ್ಟಳು.

ಸಂಸಾರವೇನಲ್ಲ, ಅದು ಅವಳಿಗಾಗಿಯೇ ತಂದ ಗಾಡಿ. ಬಾದಾಮಿಯ ಬನಶಂಕರಿ ನಮ್ಮ ಮನೆದೇವರು. ಅಮ್ಮ ಒಂದು ಹರಕೆ ಹೊತ್ತಿದ್ದರು. ಮಕ್ಕಳ ಫೀಸು, ಮದುವೆ, ಬಾಣಂತನ ಎನ್ನುತ್ತಾ ಹೋಗಿ ತೀರಿಸದೆಯೇ ಕಣ್ಣು ಮುಚ್ಚಿದರು. ಆ ಹರಕೆ ಅಕ್ಕನ ತಲೆಯ ಮೇಲೆ ಬಂತು. ಅಕ್ಕನಿಗೀಗ 63. ಹದಿನೆಂಟು ವರ್ಷದಿಂದ ಸಕ್ಕರೆ ಕಾಯಿಲೆ, ದಿನಕ್ಕೆರಡು ಸಲ ಇನ್ಸುಲಿನ್, ಮೇಲೆ ಮಂಡಿನೋವು. ಎಲ್ಲಿಗೆ ಕರೆದರೂ ಅವಳದು ಒಂದೇ ಮಾತು: "ನನ್ನ ಔಷಧಿ ತಣ್ಣಗಿರಬೇಕಲ್ಲೇ." ಸೀಲು ಒಡೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ಕಾದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಆ ಪುಟ್ಟ ಬಾಟಲಿಯೇ ನಮ್ಮಕ್ಕನನ್ನು ಅಡಿಗೆಮನೆಯ ಫ್ರಿಜ್ಜಿಗೆ ಕಟ್ಟಿಹಾಕಿದ್ದ ಹಗ್ಗ.

ಆರ್‌ಟಿಒ ಅನುಮತಿ, ಮಂಚ, ಪಾಯಿಖಾನೆ, ಗ್ಯಾಸ್ ಒಲೆ ಎಲ್ಲವೂ ಆಗಿ, ಗಾಡಿಯ ನೆತ್ತಿಯ ಮೇಲೆ 165 ವ್ಯಾಟಿನ ಎರಡು ಸೋಲಾರ್ ಫಲಕಗಳು ಬಂದವು. ಕೆಳಗೆ 150 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿ, ಒಂದು ಇನ್ವರ್ಟರ್, ಅದರ ಮೇಲೆ ಓಡಲು ಮನೆಯಲ್ಲಿ ಬಳಸುವಂಥದೇ ಚಿಕ್ಕ ಫ್ರಿಜ್ಜು. "ಬಿಸಿಲಿಗೇನು ಬರ?" ಎಂದ ಅಂಗಡಿಯವರ ಮಾತನ್ನು ನಾವೂ ನಂಬಿದೆವು. ಕಳೆದ ಶ್ರಾವಣದಲ್ಲಿ ಪರೀಕ್ಷೆಗೆಂದು ಘಾಟಿ ಸುಬ್ರಹ್ಮಣ್ಯದ ಕಡೆ ಹೊರಟೆವು. ಮೋಡ ಮುಸುಕಿತ್ತು. ಸಾಲದೆಂದು ನೆರಳು ಚೆನ್ನಾಗಿದೆಯೆಂದು ಹುಣಿಸೆಮರದ ಕೆಳಗೇ ಗಾಡಿ ನಿಲ್ಲಿಸಿದೆವು. ಎರಡನೆಯ ರಾತ್ರಿ ಇನ್ವರ್ಟರ್ ಕುಂಯ್ ಎಂದು ಕೂಗಿ ಸುಮ್ಮನಾಯಿತು. ಬೆಳಗ್ಗೆ ಫ್ರಿಜ್ಜಿನ ಬಾಗಿಲು ತೆಗೆದರೆ ಒಳಗೂ ಹೊರಗೂ ಒಂದೇ ಹವೆ. ಅಕ್ಕ ಬಾಟಲಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು, "ನನ್ನ ಮನೆಗೆ ಬಿಟ್ಟುಬಿಡಪ್ಪ. ಇನ್ನು ಕರೀಬೇಡಿ" ಎಂದಳು. ದೊಡ್ಡಬಳ್ಳಾಪುರ ದಾಟುವವರೆಗೂ ಯಾರೂ ಮಾತಾಡಲಿಲ್ಲ.

ನಾನು ಬಿ.ಎ., ಬಿ.ಎಡ್. ಮಾಡಿ ಆರ್.ಟಿ. ನಗರದ ಕಡೆ ಸಮಾಜವಿಜ್ಞಾನ ಪಾಠ ಮಾಡುವವಳು. ವಿದ್ಯುತ್ತು ನನ್ನ ವಿಷಯವಲ್ಲ. ಆದರೆ ಎಲ್ಲಿ ಎಡವಿದೆವೋ ಅದರ ಚರಿತ್ರೆ ಕೆದಕದಿದ್ದರೆ ನನಗೆ ನಿದ್ದೆ ಬಾರದು. ಕೆದಕುತ್ತಾ ಹೋದ ಹಾಗೆ ಉತ್ತರ ನಮ್ಮ ಹಳೆಯ ಬೀದಿಯ ಪಕ್ಕದಲ್ಲೇ ಸಿಕ್ಕಿತು.

ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ನಾವು ಮಕ್ಕಳಿಗೆ ಹೆಮ್ಮೆಯಿಂದ ಹೇಳುವ ಪಾಠ ಇದು. ಆದರೆ ಆ ಬೆಳಕು ಕಂಬಕ್ಕೆ ಕಟ್ಟಿದ ಬೆಳಕು. ತಂತಿ ಎಲ್ಲಿಯವರೆಗೋ ದೀಪ ಅಲ್ಲಿಯವರೆಗೆ. ನಾವು ಚಿಕ್ಕವರಿದ್ದಾಗ ಯಶವಂತಪುರದಲ್ಲಿ ಸಂಜೆ ತಳ್ಳುಗಾಡಿಯವರು ಗ್ಯಾಸ್ ಲೈಟು ಹಚ್ಚಿ ಸದ್ದು ಮಾಡಿಸುತ್ತಾ ನಿಲ್ಲುತ್ತಿದ್ದರು. ನಡೆದಾಡುವ ಬೆಳಕೆಂದರೆ ಅದೇ. ಮನೆಯಲ್ಲಿ ಕರೆಂಟಿದ್ದರೂ ಹೋಗುವುದೇ ಹೆಚ್ಚು. ರೇಷನ್ನಿನಲ್ಲಿ ತಂದ ಸೀಮೆಎಣ್ಣೆಯನ್ನು ಅಮ್ಮ ಡಬ್ಬಿಯ ಹೊರಗೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ ಇಡುತ್ತಿದ್ದರು. ಈ ಗೆರೆಯವರೆಗೆ ಈ ವಾರ, ಆ ಗೆರೆಯವರೆಗೆ ಮುಂದಿನ ವಾರ. ಗೆರೆ ದಾಟಿದರೆ ಓದುವುದಕ್ಕೂ ದೀಪವಿಲ್ಲ.

ಅಪ್ಪ ಪೀಣ್ಯದ ಒಂದು ಲೇತ್ ಶಾಪಿನಲ್ಲಿ ಫಿಟ್ಟರ್. 1975ರಲ್ಲಿ ನನಗೆ ಏಳು ವರ್ಷ. "ನಮ್ಮ ಎಸ್ಟೇಟಿನ ಶೆಡ್ಡಿನಲ್ಲೇ ನಕ್ಷತ್ರ ಮಾಡ್ತಾ ಇದ್ದಾರೆ ಮಗು" ಎಂದು ಒಂದು ಸಂಜೆ ಹೇಳಿದರು. ಅವರು ಹೇಳಿದ್ದು ಆರ್ಯಭಟ ಉಪಗ್ರಹದ ಮಾತು. ನಮ್ಮ ಉಡುಪಿ ಸೀಮೆಯ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ ಪೀಣ್ಯ ಕೈಗಾರಿಕಾ ವಸಾಹತಿನ ಶೆಡ್ಡುಗಳಲ್ಲಿ ಕಟ್ಟಿದ ಅದು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ಮೇಲೆ ಹಾರಿತು. ಸ್ಥಳದ ಅಭಾವದಿಂದ ಬೆಂಗಳೂರಿನಲ್ಲಿ ಒಂದು ಶೌಚಾಲಯವನ್ನೇ ಸಂಕೇತ ಪಡೆಯುವ ಕೇಂದ್ರವಾಗಿ ಮಾಡಿಕೊಂಡಿದ್ದರಂತೆ! ಆಮೇಲೆ ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿ ಅದರ ಚಿತ್ರ ಬಂದಾಗ ಅಪ್ಪ ಒಂದು ನೋಟನ್ನು ಖರ್ಚು ಮಾಡದೆ ದೇವರ ಗೂಡಿನಲ್ಲಿಟ್ಟರು.

ಈಗ ಯೋಚಿಸಿದರೆ, ನಮ್ಮ ಬೆಂಗಳೂರಿನಲ್ಲಿ ತಯಾರಾಗಿ, ತನ್ನ ಕರೆಂಟನ್ನು ತಾನೇ ಹೊತ್ತು ಹೊರಟ ಗಾಡಿಗಳಲ್ಲಿ ಹೆಸರಾದ ಮೊದಲನೆಯದು ಅದೇ ಅಲ್ಲವೇ? ಬಿಸಿಲನ್ನು ನೇರವಾಗಿ ವಿದ್ಯುತ್ತಾಗಿಸುವ ಸಿಲಿಕಾನ್ ಕೋಶವನ್ನು ಅಮೆರಿಕದ ಬೆಲ್ ಪ್ರಯೋಗಾಲಯ ಜಗತ್ತಿಗೆ ತೋರಿಸಿದ್ದು 1954ರಲ್ಲಿ. ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಆರು ಪಾಲು ಮಾತ್ರ ಅದರ ಕೈಗೆ ಹತ್ತುತ್ತಿತ್ತು. ಇಂದಿನ ಫಲಕಗಳಿಗೆ ಇಪ್ಪತ್ತು ಪಾಲು ದಕ್ಕುತ್ತದೆ. ಆರ್ಯಭಟದ ತೂಕ 360 ಕಿಲೋ. ಅದರ ಮೈತುಂಬ ಹೊದಿಸಿದ ಕೋಶಗಳಿಂದ ಹುಟ್ಟುತ್ತಿದ್ದುದು ಸುಮಾರು 46 ವ್ಯಾಟ್. ನಮ್ಮ ಹಳೇ ಮನೆಯ ನಡುಮನೆಯಲ್ಲಿ ಉರಿಯುತ್ತಿದ್ದ ಬಲ್ಬಿಗೆ 40 ವ್ಯಾಟ್ ಬೇಕಿತ್ತು! ಸುಮಾರು 96 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುವ ಅದಕ್ಕೆ ಸುತ್ತಿಗೊಂದು ಹಗಲು, ಸುತ್ತಿಗೊಂದು ಕತ್ತಲು. ಹಗಲಲ್ಲಿ ಗಳಿಸಿದ್ದನ್ನು ಬ್ಯಾಟರಿಯಲ್ಲಿ ಕೂಡಿಟ್ಟು ಕತ್ತಲಲ್ಲಿ ಉಣ್ಣಬೇಕು. ಐದನೆಯ ದಿನದ ಹೊತ್ತಿಗೆ ಪ್ರಯೋಗಗಳಿಗೆ ವಿದ್ಯುತ್ ಒದಗಿಸುವ ವ್ಯವಸ್ಥೆ ಕೈಕೊಟ್ಟು ಅವು ನಿಂತುಹೋದವು. ಉಪಗ್ರಹ ಮಾತ್ರ 1992ರವರೆಗೂ ಸುತ್ತುತ್ತಲೇ ಇತ್ತು. ಸೋತರೆಂದು ಯಾರೂ ಶೆಡ್ಡಿಗೆ ಬೀಗ ಹಾಕಲಿಲ್ಲ. ಕಲಿತದ್ದನ್ನು ಕಟ್ಟಿಕೊಂಡು ಮುಂದಿನದಕ್ಕೆ ಹೊರಟರು. ಇದನ್ನು ಅಕ್ಕನಿಗೆ ಹೇಳಿದಾಗ, "ಅವರಿಗೂ ಹಾಗಾಯ್ತಾ?" ಎಂದು ಮೊದಲ ಸಲ ಮುಖವೆತ್ತಿದಳು.

ಆಕಾಶದ ಆ ಬೆಳಕು ಬೀದಿಗೆ ಇಳಿಯಲು ಇಪ್ಪತ್ತು ವರ್ಷ ಬೇಕಾಯಿತು. 1995ರಲ್ಲಿ ಹರೀಶ್ ಹಂದೆಯವರು ಬೆಂಗಳೂರಿನಲ್ಲಿ ಸೆಲ್ಕೊ ಸಂಸ್ಥೆ ಆರಂಭಿಸಿ ಬಡವರ ಮನೆಗೆ ಸೋಲಾರ್ ದೀಪ ತಂದರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಹೇಳುವ ಒಂದು ಪ್ರಸಂಗ ನನಗೆ ಬಹಳ ಹಿಡಿಸಿದೆ. ಬೀದಿ ವ್ಯಾಪಾರದ ಹೆಂಗಸೊಬ್ಬಳಿಗೆ ತಿಂಗಳಿಗೆ 300 ರೂಪಾಯಿ ಕಟ್ಟುವುದು ಕಷ್ಟ, ದಿನಕ್ಕೆ 10 ರೂಪಾಯಿಯಾದರೆ ಸುಲಭವಂತೆ. ಲೆಕ್ಕ ಒಂದೇ ಅಲ್ಲವೇ ಎನ್ನುವವರು ಸಂಬಳದವರು. ದಿನದ ಗಳಿಕೆಯವಳಿಗೆ ದಿನದ ಲೆಕ್ಕವೇ ನಿಜ. ಹೀಗೆ ಹಗಲು ಚಾರ್ಜು ಮಾಡಿದ ಬ್ಯಾಟರಿಗಳನ್ನು ಸಂಜೆ ತಳ್ಳುಗಾಡಿಗಳಿಗೆ ಬಾಡಿಗೆಗೆ ಕೊಡುವ ಪದ್ಧತಿ ಬಂತು. ಗ್ಯಾಸ್ ಲೈಟಿನ ಹೊಗೆ ಇಲ್ಲ, ಸದ್ದಿಲ್ಲ.

ಗಾಲಿಯ ಮೇಲಿನ ಸೋಲಾರ್ ನಮ್ಮ ಹೆಂಗಸರಿಗೆ ನೇರವಾಗಿ ಉಪಯೋಗಕ್ಕೆ ಬಂದದ್ದನ್ನು ನಾನು ಕಂಡದ್ದು ಮೆಜೆಸ್ಟಿಕ್ಕಿನಲ್ಲಿ. 2020ರ ಆಗಸ್ಟಿನಲ್ಲಿ ಕೆಎಸ್‌ಆರ್‌ಟಿಸಿಯವರು ಗುಜರಿಗೆ ಹೋಗಬೇಕಿದ್ದ ಹಳೇ ಬಸ್ಸೊಂದನ್ನು ಸುಮಾರು 12 ಲಕ್ಷ ರೂಪಾಯಿಯಲ್ಲಿ ಹೆಂಗಸರ ಶೌಚಾಲಯವಾಗಿ ಬದಲಾಯಿಸಿ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ನಿಲ್ಲಿಸಿದರು. ಮಗುವಿಗೆ ಹಾಲೂಡಿಸುವ ಜಾಗ, ಕೈ ತೊಳೆಯುವ ಬೇಸಿನ್ನು, ಸೋಲಾರ್ ದೀಪ. 1975ರಲ್ಲಿ ಶೌಚಾಲಯ ವಿಜ್ಞಾನ ಕೇಂದ್ರವಾಯಿತು, 2020ರಲ್ಲಿ ಬಸ್ಸು ಶೌಚಾಲಯವಾಯಿತು! ನಗಬೇಡಿ. ದೂರದ ಬಸ್ಸಿಗೆ ಕಾದು ನಿಂತ ಹೆಂಗಸಿಗೆ ಎರಡನೆಯದು ಮೊದಲನೆಯದಕ್ಕಿಂತ ಸಣ್ಣದೇನಲ್ಲ.

ಇಷ್ಟೆಲ್ಲ ಆದ ಮೇಲೆ ನಾನೂ ಅಕ್ಕನೂ ಅವಳ ಮಗನೂ ಊಟದ ಮೇಜಿನ ಮೇಲೆ ನೋಟ್‌ಬುಕ್ ತೆರೆದು ಕೂತೆವು. ಎಡಗಡೆ ಖರ್ಚು, ಬಲಗಡೆ ಜಮಾ. ವ್ಯಾಟನ್ನು ಗಂಟೆಯಿಂದ ಗುಣಿಸಿದರೆ ವ್ಯಾಟ್-ಗಂಟೆ. ಅಂಥ ಸಾವಿರ ಸೇರಿದರೆ ನಮ್ಮ ಕರೆಂಟ್ ಬಿಲ್ಲಿನ ಒಂದು ಯೂನಿಟ್. ಇಷ್ಟು ಗೊತ್ತಿದ್ದರೆ ಸಾಕು.

ಹಳೆಯ ಲೆಕ್ಕ ಬರೆಯುತ್ತಲೇ ತಪ್ಪು ಕಂಡಿತು. ಮನೆಯ ಫ್ರಿಜ್ಜು ದಿನಕ್ಕೆ ಸುಮಾರು 700 ನುಂಗುತ್ತಿತ್ತು. ಅದನ್ನು ಓಡಿಸಲು ಹಗಲೂ ರಾತ್ರಿ ಎಚ್ಚರವಿದ್ದ ಇನ್ವರ್ಟರ್ ತಾನೇ 360 ತಿನ್ನುತ್ತಿತ್ತು. ಸೀಸದ ಬ್ಯಾಟರಿಯಲ್ಲಿ 1800 ಇದ್ದರೂ ಅದರ ಆಯಸ್ಸು ಉಳಿಯಬೇಕಾದರೆ ಅರ್ಧ ಮಾತ್ರ ಮುಟ್ಟಬೇಕು. ಫಲಕಗಳನ್ನು ಸರಣಿಯಲ್ಲಿ ಜೋಡಿಸಿದ್ದರು. ಸಾಲಾಗಿ ನಿಂತು ಪುಸ್ತಕ ದಾಟಿಸುವ ಮಕ್ಕಳಲ್ಲಿ ಒಬ್ಬ ತೂಕಡಿಸಿದರೆ ಸಾಲೇ ನಿಲ್ಲುವ ಹಾಗೆ, ಒಂದು ಫಲಕಕ್ಕೆ ಹುಣಿಸೆಮರದ ನೆರಳು ಬಿದ್ದರೆ ಇನ್ನೊಂದರ ದುಡಿಮೆಯೂ ಕುಗ್ಗುತ್ತದೆ. ತಪ್ಪು ಸೂರ್ಯನದಲ್ಲ, ಎಣಿಸದೆ ಹೊರಟ ನಮ್ಮದು.

ಹೊಸ ಲೆಕ್ಕ ಹೀಗಿತ್ತು: ಬ್ಯಾಟರಿಯಿಂದ ನೇರ ಓಡುವ 12 ವೋಲ್ಟಿನ ಪುಟ್ಟ ಫ್ರಿಜ್ಜಿಗೆ 430. ಎರಡು ಫ್ಯಾನು, ಎಂಟು ಗಂಟೆ, 320. ನಾಲ್ಕು ಎಲ್‌ಇಡಿ ದೀಪಕ್ಕೆ 100. ಫೋನುಗಳಿಗೆ 40. ನೀರಿನ ಪಂಪಿಗೆ 10. ಮಿಕ್ಸಿಗೆ ಐದು ನಿಮಿಷ, 40. ಒಟ್ಟು 940. ದಾರಿಯಲ್ಲಿ ಸೋರುವುದಕ್ಕೆಂದು ಕಾಲುಭಾಗ ಸೇರಿಸಿ 1200 ಎಂದಿಟ್ಟುಕೊಂಡೆವು. ಇಸ್ತ್ರಿಪೆಟ್ಟಿಗೆ, ಇಂಡಕ್ಷನ್ ಒಲೆ ಮನೆಯಲ್ಲೇ ಉಳಿದವು. "ಚಟ್ನಿಗೆ ಮಿಕ್ಸಿ ಬೇಕೇ ಬೇಕು" ಎಂದು ಹಠ ಹಿಡಿದವಳು ಅಕ್ಕ. ಅಷ್ಟು ಹೊತ್ತಿಗೆ ಮಾತ್ರ ಇನ್ವರ್ಟರ್ ಹಾಕಿ ಆರಿಸುವುದೆಂದಾಯಿತು.

ಜಮಾ ಕಡೆ, ಬೆಂಗಳೂರಿನ ಸುತ್ತ ಬೇಸಿಗೆಯ ದಿನದ ಬಿಸಿಲು ಸುಮಾರು ಐದೂವರೆ ಗಂಟೆಯ ಪೂರ್ಣ ಬಿಸಿಲಿಗೆ ಸಮ. ಮಳೆಗಾಲದಲ್ಲಿ ನಾಲ್ಕೆಂದು ಹಿಡಿಯುವುದು ಕ್ಷೇಮ. ಇನ್ನೊಂದು ಫಲಕ ಸೇರಿಸಿ 495 ವ್ಯಾಟ್ ಮಾಡಿ, ನಾಲ್ಕರಿಂದ ಗುಣಿಸಿ, ಧೂಳು, ಶಾಖ ಎಂದು ಕಾಲುಭಾಗ ಕಳೆದರೆ ಸುಮಾರು 1485. ಫಲಕ ಕಾದಷ್ಟೂ ಅದರ ದುಡಿಮೆ ಇಳಿಯುತ್ತದೆ, ಆದ್ದರಿಂದ ತಗಡಿಗೂ ಅದಕ್ಕೂ ನಡುವೆ ಗಾಳಿಯಾಡಲು ಜಾಗ ಬಿಟ್ಟರು. ಜೋಡಣೆಯನ್ನು ಸಮಾಂತರ ಮಾಡಿದರು. 200 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿ ಬಂತು. ತೂಕ ಹಳೆಯದರ ಅರ್ಧ, ಎಂಬತ್ತು ಪಾಲು ಬಳಸಬಹುದು. ಬಿಸಿಲೇ ಇಲ್ಲದಿದ್ದರೂ ಒಂದೂವರೆ ದಿನಕ್ಕೆ ಕೊರತೆಯಿಲ್ಲ, ಆಮೇಲೆ ಗಾಡಿ ಓಡುವಾಗ ಎಂಜಿನ್ನಿನಿಂದಲೂ ತುಂಬಿಸಿಕೊಳ್ಳಬಹುದು. ಬೆಲೆ ಕೇಳಿ ಎದೆ ಝಲ್ಲೆಂದಿತು. ನನ್ನದೊಂದು ಚೀಟಿಯ ಹಣ ಅದಕ್ಕೆ ಹೋಯಿತು. 12 ವೋಲ್ಟಿನಲ್ಲಿ ತಂತಿಯೊಳಗೆ ಹರಿಯುವ ಕರೆಂಟು ಹೆಚ್ಚು. ತೆಳು ತಂತಿ ಹಾಕಿದರೆ ಬಿಸಿಯಾಗಿ ಬೆಂಕಿಯ ಭಯ. ದಪ್ಪ ತಂತಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್, ಇವೆರಡರಲ್ಲಿ ಮಾತ್ರ ಉಳಿತಾಯ ಬೇಡವೆಂದು ಹೇಳಿದೆ.

ಕೊನೆಯ ಸಾಲನ್ನು ಅಕ್ಕನೇ ಬರೆಸಿದಳು: "ಒಂದು ಮಡಕೆ, ಒದ್ದೆ ಮರಳು." ಎಲ್ಲ ಕೈಕೊಟ್ಟರೂ ನೆರಳಲ್ಲಿಟ್ಟ ಒದ್ದೆ ಮಡಕೆಯೊಳಗೆ ಹೊರಗಿಗಿಂತ ಕೆಲವು ಡಿಗ್ರಿ ತಂಪು. ಫ್ರಿಜ್ಜಿನ ಚಳಿ ಬಾರದು. ಆದರೆ ಬಳಕೆಯಲ್ಲಿರುವ ಇನ್ಸುಲಿನ್ 30 ಡಿಗ್ರಿಯೊಳಗೆ ಸಾಮಾನ್ಯವಾಗಿ ನಾಲ್ಕು ವಾರ ಇರುತ್ತದೆಂದು ಅವಳ ಡಾಕ್ಟರು ಹೇಳಿದ್ದರಿಂದ ಇಷ್ಟು ಆಸರೆ ಸಾಕಿತ್ತು.

ಜನವರಿಯಲ್ಲಿ ಬನಶಂಕರಿ ಜಾತ್ರೆಯ ಸಮಯಕ್ಕೆ ಹೊರಟೆವು. ಸುಮಾರು 450 ಕಿಲೋಮೀಟರ್, ಎರಡು ದಿನ ಮಾಡಿಕೊಂಡು ಹೋದೆವು. ಊಟಕ್ಕೆ ನಿಲ್ಲಿಸುವಾಗಲೆಲ್ಲ ಅಕ್ಕ "ಮರದ ಕೆಳಗೆ ಬೇಡ ಕಣೋ, ಬಿಸಿಲಿಗೆ ನಿಲ್ಲಿಸು" ಎನ್ನುತ್ತಿದ್ದಳು. ಬೆಳಗ್ಗೆ ಎದ್ದು ಕೋಲಿಗೆ ಬಟ್ಟೆ ಕಟ್ಟಿ ಫಲಕದ ಧೂಳು ಒರೆಸುವುದೂ ಅವಳದೇ ಕೆಲಸ, ಮನೆಯಂಗಳಕ್ಕೆ ನೀರು ಹಾಕಿದ ಹಾಗೆ. ದೇವಸ್ಥಾನದ ಮುಂದಿನ ಹೊಂಡದ ಮೆಟ್ಟಿಲ ಮೇಲೆ ಕೂತು ಅಮ್ಮನ ಹರಕೆಯ ಸೀರೆ, ಕಾಯಿ ಮಡಿಲಿಗಿಟ್ಟುಕೊಂಡಾಗ ಅವಳು ಅತ್ತಳು. ನಾನೂ ಅತ್ತೆ.

ಅಂದು ರಾತ್ರಿ ಫ್ರಿಜ್ಜಿನ ಅಂಕಿ 5 ಡಿಗ್ರಿ ತೋರಿಸುತ್ತಿತ್ತು. ಬ್ಯಾಟರಿಯಲ್ಲಿ ಮುಕ್ಕಾಲು ಉಳಿದಿತ್ತು. ನಾನು ಓದುತ್ತಾ ಹಾಗೇ ಮಂಪರಿಗೆ ಜಾರಿದ್ದೆ. ಅಕ್ಕ ಎದ್ದು ಬಂದು, "ಇನ್ನೂ ಬೇಕಾದಷ್ಟಿದೆ ಅಂತ ಸುಮ್ಮನೆ ಯಾಕೆ ಉರಿಸ್ತೀಯೇ, ದೀಪ ಶಾಂತ ಮಾಡು" ಎಂದಳು. ಥೇಟು ಅಮ್ಮನದೇ ದನಿ. ಸೀಮೆಎಣ್ಣೆ ಡಬ್ಬಿಯ ಮೇಲಿನ ಆ ಬಿಳಿ ಗೆರೆ ಕತ್ತಲಲ್ಲಿ ಕಂಡಂತಾಯಿತು.