ರಿಗ್ಲಿ ಫೀಲ್ಡ್

ರಿಗ್ಲಿ ಫೀಲ್ಡ್: ಅಮೆರಿಕದ ಷಿಕಾಗೋ ನಗರದ ಉತ್ತರಭಾಗದಲ್ಲಿರುವ ಬೇಸ್‌ಬಾಲ್ ಕ್ರೀಡಾಂಗಣ. 1914ರಲ್ಲಿ ವೀಗ್‌ಮನ್ ಪಾರ್ಕ್ ಎಂಬ ಹೆಸರಿನಿಂದ ಆರಂಭವಾದ ಇದು 1916ರಿಂದ ಷಿಕಾಗೋ ಕಬ್ಸ್ ತಂಡದ ನೆಲೆಯಾಗಿದ್ದು, ಮುಂದೆ ಆ ತಂಡದ ಒಡೆಯನಾದ ವಿಲಿಯಂ ರಿಗ್ಲಿಯ ಹೆಸರನ್ನು ತಳೆಯಿತು.

ಹೊರ ಅಂಗಣದ ಇಟ್ಟಿಗೆಗೋಡೆಯನ್ನು ಮುಚ್ಚಿ ಹಬ್ಬಿ, ಚೆಂಡು ಸಿಲುಕಿದರೆ ಹೊಡೆದವನಿಗೆ ಎರಡೇ ಬೇಸುಗಳೆಂಬ ನಿಯಮಕ್ಕೂ ಎಡೆಗೊಟ್ಟಿರುವ ಐವಿ ಬಳ್ಳಿಯೂ, ಇಂದಿಗೂ ಕೈಯಿಂದಲೇ ಅಂಕಗಳನ್ನು ಬದಲಿಸುವ ಫಲಕವೂ ಅಭಿಮಾನಿಗಳ ಸ್ಮೃತಿಯಲ್ಲಿ ಅನಾದಿಯೆಂಬಂತೆ ನೆಲಸಿವೆಯಾದರೂ, ಅವೆರಡೂ 1937ರ ಸೇರ್ಪಡೆಗಳೇ. ಒಂದು ತಲೆಮಾರಿನ ನವೀಕರಣವೇ ಮತ್ತೊಂದಕ್ಕೆ ಪರಂಪರೆಯಾಗುವುದು ಇಲ್ಲಿ ಸ್ಪಷ್ಟ. 1941ರಲ್ಲಿ ದೀಪಗಳಿಗಾಗಿ ತರಿಸಿದ್ದ ಸಾಮಗ್ರಿಯನ್ನು ಪರ್ಲ್ ಹಾರ್ಬರ್ ದಾಳಿಯಾದೊಡನೆ ಯುದ್ಧಕಾರ್ಯಕ್ಕೆ ಒಪ್ಪಿಸಿದ ಮೇಲೆ, ಸುಮಾರು ಅರ್ಧ ಶತಮಾನ ಇಲ್ಲಿ ಕಬ್ಸ್ ತಂಡದ ಪಂದ್ಯಗಳು ಹಗಲಿನಲ್ಲಿ ಮಾತ್ರ ನಡೆದುವು. ನೆರೆಹೊರೆಯವರ ದೀರ್ಘ ವಿರೋಧವನ್ನು ದಾಟಿ 1988ರ ಆಗಸ್ಟ್ 8ರಂದು ದೀಪಗಳು ಬೆಳಗಿದಾಗ ಮಳೆ ಸುರಿದು ಆಟ ನಿಂತುದನ್ನು, ಬದಲಾವಣೆಯನ್ನೊಲ್ಲದವರು ದೈವಸಮ್ಮತಿಯಿಲ್ಲದುದರ ಕುರುಹೆಂದು ವಿನೋದದಿಂದ ಹೇಳಿಕೊಳ್ಳುವುದುಂಟು. ಹಾಗೆಯೇ 2015ರಲ್ಲಿ ನಿಲ್ಲಿಸಿದ ಬೃಹತ್ ವಿಡಿಯೊ ಪರದೆಗಳ ಬಗೆಗೆ ಅಂಥವರಿಗಿರುವ ಅಸಮಾಧಾನವೂ ನಿರಾಧಾರವಾದುದೇನಲ್ಲ.

1908ರ ತರುವಾಯ ಮೊದಲ ಬಾರಿಗೆ 2016ರಲ್ಲಿ ಕಬ್ಸ್ ವರ್ಲ್ಡ್ ಸೀರೀಸ್ ಗೆದ್ದ ದಿನಗಳಲ್ಲಿ, ಆ ಗೆಲುವನ್ನು ಕಾಣದೆ ಅಗಲಿದ ತಂದೆತಾಯಿಯರ, ಅಜ್ಜ ಅಜ್ಜಿಯರ ಹೆಸರುಗಳನ್ನು ಸಹಸ್ರಾರು ಜನ ಹೊರಗೋಡೆಯ ಇಟ್ಟಿಗೆಗಳ ಮೇಲೆ ಬಣ್ಣಬಣ್ಣದ ಸೀಮೆಸುಣ್ಣದಿಂದ ಬರೆದು, ಕಟ್ಟಡವನ್ನೇ ಸ್ಮರಣಫಲಕವನ್ನಾಗಿ ಮಾಡಿದರು. ಕ್ರೀಡಾಂಗಣದ ವಾಸ್ತುವಿಗಿಂತ ಈ ಆಚರಣೆಯೇ ಜನರ ಮಮತೆಯನ್ನು ಹೆಚ್ಚು ತಿಳಿಸುತ್ತದೆ. 2020ರಲ್ಲಿ ಇದನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿಸಲಾಯಿತು.