ಕೋವಿಯ ಕೊಳವೆಯಲ್ಲಿ ಒಂದು ಮರದ ಕಡ್ಡಿ

ಅಮೆರಿಕದಲ್ಲಿ ಬಾತುಕೋಳಿ ಬೇಟೆಯ ಋತು ಶುರುವಾಯಿತೆಂದರೆ ಕೆರೆ, ಜೌಗುಗಳ ದಂಡೆಯಲ್ಲಿ ಅವಿತು ಕುಳಿತ ಬೇಟೆಗಾರರ ಬಳಿಗೆ ವನ್ಯಜೀವಿ ಇಲಾಖೆಯ ಅಧಿಕಾರಿ ಬರುವುದುಂಟು. ಆತ ಪರವಾನಗಿ ನೋಡುತ್ತಾನೆ, ಹೊಡೆದ ಹಕ್ಕಿಗಳನ್ನು ಎಣಿಸುತ್ತಾನೆ. ಆಮೇಲೆ ಕೋವಿಯನ್ನು ಕೈಗೆ ತೆಗೆದುಕೊಂಡು, ನಳಿಗೆಯ ಅಡಿಯಲ್ಲಿರುವ ಕೊಳವೆಗೆ ಒಂದೊಂದೇ ತೋಟಾವನ್ನು ತಳ್ಳಿ ನೋಡುತ್ತಾನೆ. ಎರಡು ಹೋಗಬೇಕು, ಮೂರನೆಯದು ಹೋಗಬಾರದು. ನಳಿಗೆಯ ಬುಡದಲ್ಲಿ ಒಂದು, ಕೊಳವೆಯಲ್ಲಿ ಎರಡು, ಒಟ್ಟು ಮೂರೇ ಈಡು ಎಂಬುದು ಕಾನೂನು. ಇದನ್ನು ಪಾಲಿಸಲು ಬೇಟೆಗಾರರು ಕೊಳವೆಯೊಳಗೆ ಒಂದು ಮರದ ಕಡ್ಡಿಯನ್ನೋ ಪ್ಲಾಸ್ಟಿಕ್ ಸರಳನ್ನೋ ಇಟ್ಟಿರುತ್ತಾರೆ. ಕೋವಿಯನ್ನು ಬಿಚ್ಚದೆ ಅದು ಹೊರಬರುವಂತಿರಬಾರದು.

ಅಗ್ಗದ ಈ ಕಡ್ಡಿ ಹೊರಗೆ ಕಾಣುವುದೂ ಇಲ್ಲ. ಆದರೂ ಅರೆ ಸ್ವಯಂಚಾಲಿತ ತೋಟಾಕೋವಿಗೆ ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಜನ ಜೋಡಿಸಿದ ನೂರಾರು ಬಿಡಿಭಾಗಗಳಲ್ಲಿ ಅತಿ ಮುಖ್ಯವಾದುದು ಇದೇ ಎನ್ನಬೇಕು.

ಕೋವಿಯನ್ನು ಸಿಂಗರಿಸುವುದು ಕೊಡಗಿನವರಿಗೆ ಹೊಸ ಮಾತಲ್ಲ. ಕೈಲ್ ಪೊಳ್ದ್ ಹಬ್ಬದಂದು ಮನೆಯ ಕೋವಿಯನ್ನು ಒರೆಸಿ, ದೇವರ ಕೋಣೆಯಲ್ಲಿಟ್ಟು, ತೋಕ್ ಪೂವನ್ನು ಮುಡಿಸಿ ಪೂಜಿಸುತ್ತಾರೆ. ಹಬ್ಬ ಕಳೆದ ಮೇಲೆ ಹೂವು ಬಾಡುತ್ತದೆ, ಕೋವಿ ಮೊದಲಿನಂತೆಯೇ ಇರುತ್ತದೆ. ಅಮೆರಿಕದ ಹವ್ಯಾಸಿಯ ಸಿಂಗಾರ ಬೇರೆ ಬಗೆಯದು. ಆತ ನಳಿಗೆಯ ಬಾಯಿ ಬದಲಿಸುತ್ತಾನೆ, ಹಿಡಿಯನ್ನು ತನ್ನ ಭುಜದ ಅಳತೆಗೆ ಕೊರೆಯುತ್ತಾನೆ, ಒದೆತ ತಡೆಯಲು ರಬ್ಬರ್ ದಿಂಬು ಅಂಟಿಸುತ್ತಾನೆ, ಕೊಳವೆಯನ್ನು ಉದ್ದ ಮಾಡುತ್ತಾನೆ. ಅಲ್ಲಿ ಇದಕ್ಕೆಂದೇ ಅಂಗಡಿಗಳಿವೆ, ಕ್ಯಾಟಲಾಗುಗಳಿವೆ. ಮೇಲ್ನೋಟಕ್ಕೆ ಇದು ಮೋಟಾರ್ ಬೈಕಿಗೆ ಹೊಸ ಹ್ಯಾಂಡಲ್ ಹಾಕಿಸುವಂಥ ಖಾಸಗಿ ಖುಷಿ. ಆದರೆ ಈ ಹವ್ಯಾಸದ ಒಂದೊಂದು ತಿರುವನ್ನೂ ನಿರ್ಧರಿಸಿದ್ದು ಒಂದು ಸಾರ್ವಜನಿಕ ಜಗಳ: ಒಬ್ಬ ಮನುಷ್ಯನ ಕೈಗೆ ಎಷ್ಟು ಈಡು ಕೊಡಬಹುದು?

ಜಗಳಕ್ಕೆ ಕಾರಣನಾದವನು ಜಾನ್ ಮೋಸಸ್ ಬ್ರೌನಿಂಗ್. 1855ರಲ್ಲಿ ಯೂಟಾ ಪ್ರಾಂತ್ಯದ ಆಗ್ಡೆನ್‌ನಲ್ಲಿ ಕೋವಿ ಕಮ್ಮಾರನ ಮಗನಾಗಿ ಹುಟ್ಟಿದ ಈತನ ಅನೇಕ ವಿನ್ಯಾಸಗಳನ್ನು ವಿಂಚೆಸ್ಟರ್ ಕಂಪನಿ ಇಡಿಯಾಗಿ ಹಣ ಕೊಟ್ಟು ಕೊಂಡಿತ್ತು. ಆ ಕಾಲದ ಜೋಡುನಳಿಗೆ ಕೋವಿಯಲ್ಲಿ ಎರಡು ಈಡಾದ ಮೇಲೆ ಮಡಚಿ ಬಾರು ತುಂಬಬೇಕಿತ್ತು. ಪಂಪ್ ಕೋವಿಯಲ್ಲಿ ಪ್ರತಿ ಈಡಿಗೂ ಮುಂಗೈಯಿಂದ ಹಿಂದೆ ಮುಂದೆ ಎಳೆಯಬೇಕಿತ್ತು. ಬ್ರೌನಿಂಗ್ ಮಾಡಿದ್ದೇನೆಂದರೆ, ಭುಜಕ್ಕೆ ಬಡಿದು ವ್ಯರ್ಥವಾಗುತ್ತಿದ್ದ ಒದೆತವನ್ನೇ ದುಡಿಸಿಕೊಂಡದ್ದು. ಈಡು ಹಾರಿದೊಡನೆ ನಳಿಗೆಯೇ ಹಿಂದಕ್ಕೆ ಜಾರುತ್ತದೆ, ಖಾಲಿ ತೋಟಾ ಹೊರಗೆ ಹಾರುತ್ತದೆ, ಹೊಸದು ತಾನಾಗಿ ಒಳಗೆ ಬಂದು ಕೂರುತ್ತದೆ. ಬೇಟೆಗಾರ ಬಿಲ್ಲನ್ನು ಮತ್ತೆ ಎಳೆದರಾಯಿತು. 1900ರ ಅಕ್ಟೋಬರ್‌ನಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು.

ಈ ಸಲ ಬ್ರೌನಿಂಗ್ ಇಡಿಯಾದ ಹಣ ಒಲ್ಲೆನೆಂದ. ಮಾರಾಟವಾದ ಪ್ರತಿ ಕೋವಿಗೂ ಗೌರವಧನ ಬೇಕೆಂದು ಪಟ್ಟು ಹಿಡಿದ. ವಿಂಚೆಸ್ಟರ್ ಒಪ್ಪಲಿಲ್ಲ. 1902ರ ಜನವರಿಯಲ್ಲಿ ರೆಮಿಂಗ್ಟನ್‌ನ ಮುಖ್ಯಸ್ಥ ಮಾರ್ಸೆಲಸ್ ಹಾರ್ಟ್ಲಿಯನ್ನು ಕಾಣಲು ಹೋಗಿ ಹೊರಕೋಣೆಯಲ್ಲಿ ಕಾಯುತ್ತಿದ್ದಾಗ, ಹಾರ್ಟ್ಲಿ ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಬಂತು. ಬ್ರೌನಿಂಗ್ ಹಡಗು ಹತ್ತಿ ಬೆಲ್ಜಿಯಂಗೆ ಹೋದ. ಅಲ್ಲಿನ ಹರ್ಸ್ತಾಲ್ ಊರಿನ ಫ್ಯಾಬ್ರಿಕ್ ನ್ಯಾಶನಲ್ ಕಾರ್ಖಾನೆ ಅದಾಗಲೇ ಆತನ ಪಿಸ್ತೂಲುಗಳನ್ನು ತಯಾರಿಸುತ್ತಿತ್ತು. ಕೋವಿಯೂ ಅಲ್ಲಿಯೇ ತಯಾರಾಯಿತು. ಮೊದಲ 10,000 ಕೋವಿಗಳಿಗೆ ಬ್ರೌನಿಂಗ್ ತಾನೇ ಬೇಡಿಕೆ ಇಟ್ಟು ಅಮೆರಿಕದಲ್ಲಿ ಮಾರಿದ. 1905ರಿಂದ ರೆಮಿಂಗ್ಟನ್ ಕೂಡ ಪರವಾನಗಿ ಪಡೆದು ಇದನ್ನು ತಯಾರಿಸತೊಡಗಿತು. ಬೆನ್ನು ಗೂನಾದಂತೆ ಕಾಣುವ ಈ ಕೋವಿಗೆ ‘ಆಟೊ 5’ ಎಂಬ ಹೆಸರು ನಿಂತಿತು. ಕೊಳವೆಯಲ್ಲಿ ನಾಲ್ಕು, ನಳಿಗೆಯಲ್ಲಿ ಒಂದು, ಒಟ್ಟು ಐದು ಈಡು.

ಇದರ ಹೊಟ್ಟೆಯಲ್ಲಿ ಒಂದು ಚಿಕ್ಕ ಸಂಗತಿ ಅಡಗಿತ್ತು. ಬಲವಾದ ತೋಟಾ ಬಳಸುವಾಗ ಒಳಗಿನ ಘರ್ಷಣೆಯ ಬಳೆಗಳನ್ನು ಒಂದು ಕ್ರಮದಲ್ಲಿ, ಹಗುರ ತೋಟಾಕ್ಕೆ ಇನ್ನೊಂದು ಕ್ರಮದಲ್ಲಿ ಜೋಡಿಸಬೇಕಿತ್ತು. ಅಂದರೆ ಒಡೆಯನೇ ಕೋವಿಯನ್ನು ಬಿಚ್ಚಿ ಕೈಯಾಡಿಸಬೇಕು. ತಯಾರಕನೇ ಹೀಗೆ ಬಾಗಿಲು ತೆರೆದಿಟ್ಟ ಮೇಲೆ ಜನ ಒಳಗೆ ಬಾರದೆ ಇರುತ್ತಾರೆಯೇ?

ಆದರೆ ಐದನೆಯ ಈಡನ್ನು ಎಲ್ಲರೂ ಸ್ವಾಗತಿಸಲಿಲ್ಲ. ಆಗ ಅಮೆರಿಕದ ಹಕ್ಕಿಗಳ ಸ್ಥಿತಿ ಹೀನಾಯವಾಗಿತ್ತು. ಒಂದು ಕಾಲದಲ್ಲಿ ಆಕಾಶವನ್ನೇ ಮುಚ್ಚುವಂತೆ ಹಾರುತ್ತಿದ್ದ ಪ್ಯಾಸೆಂಜರ್ ಪಾರಿವಾಳಗಳ ಕೊನೆಯ ಹಕ್ಕಿ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಪೇಟೆಯ ಹೋಟೆಲುಗಳಿಗಾಗಿ ಬಾತುಗಳನ್ನು ರಾಶಿ ರಾಶಿ ಹೊಡೆಯುವ ವೃತ್ತಿ ಬೇಟೆಗಾರರಿದ್ದರು. ಪೆನ್ಸಿಲ್ವೇನಿಯ ರಾಜ್ಯ 1907ರಲ್ಲೇ ಬೇಟೆಯಲ್ಲಿ ಸ್ವಯಂಚಾಲಿತ ಕೋವಿಯನ್ನು ನಿಷೇಧಿಸಿತು. ನ್ಯೂಯಾರ್ಕ್ ಮೃಗಾಲಯದ ನಿರ್ದೇಶಕ ವಿಲಿಯಂ ಹಾರ್ನಡೆ 1913ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಂಥ ಕೋವಿಗಳ ಮೇಲೆ ಬೆಂಕಿ ಕಾರಿದ. ಈ ಹಾರ್ನಡೆ ದಕ್ಷಿಣ ಭಾರತಕ್ಕೆ ಅಪರಿಚಿತನಲ್ಲ. 1870ರ ದಶಕದ ಕೊನೆಯಲ್ಲಿ ವಸ್ತುಸಂಗ್ರಹಾಲಯಗಳಿಗೆ ಪ್ರಾಣಿಗಳನ್ನು ಸಂಗ್ರಹಿಸಲು ಬಂದು ನೀಲಗಿರಿ, ಆನೆಮಲೆ ಕಾಡುಗಳಲ್ಲಿ ಆನೆ, ಕಾಟಿಗಳನ್ನು ಹೊಡೆದವನೇ ಈತ. ಹೊಡೆದವನೇ ಮುಂದೆ ಕಾಡೆಮ್ಮೆಗಳನ್ನು ಉಳಿಸಲು ಸಂಘ ಕಟ್ಟಿದ. ತಯಾರಕರ ವಾದವೂ ತಳ್ಳಿಹಾಕುವಂಥದಾಗಿರಲಿಲ್ಲ: ಕೋವಿಯನ್ನೇಕೆ ದೂರುವಿರಿ, ದಿನಕ್ಕೆ ಎಷ್ಟು ಹಕ್ಕಿ ಎಂದು ಮಿತಿ ಹಾಕಿ ಎಂದರು.

ನಿರ್ಣಯಕ್ಕೆ ಬರಗಾಲವೇ ಬರಬೇಕಾಯಿತು. 1930ರ ದಶಕದಲ್ಲಿ ಅಮೆರಿಕದ ಹುಲ್ಲುಗಾವಲು ಸೀಮೆ ಧೂಳೆದ್ದು ಹೋಯಿತು. ಬಾತುಗಳು ಮೊಟ್ಟೆಯಿಡುವ ಹೊಂಡಗಳು ಬತ್ತಿದವು. 1934ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ವನ್ಯಜೀವಿ ಇಲಾಖೆಯನ್ನು ಜೇ ನಾರ್ವುಡ್ ಡಾರ್ಲಿಂಗ್ ಎಂಬ ಪತ್ರಿಕಾ ವ್ಯಂಗ್ಯಚಿತ್ರಕಾರನಿಗೆ ವಹಿಸಿದ. ಡಾರ್ಲಿಂಗ್ ತಾನೂ ಬೇಟೆಗಾರ. ಬೇಟೆಗಾರರು ಕೊಳ್ಳಲೇಬೇಕಾದ ‘ಬಾತು ಅಂಚೆಚೀಟಿ’ಯ ಮೊದಲ ಚಿತ್ರವನ್ನು ಆತನೇ ಬರೆದ. 1935ರಲ್ಲಿ ಕಾಳು ಚೆಲ್ಲಿ ಹಕ್ಕಿ ಕರೆಯುವುದು, ಜೀವಂತ ಬಾತುಗಳನ್ನು ಕಟ್ಟಿ ಮರುಳುಮಾಡುವುದು ನಿಂತವು. ಅದರೊಂದಿಗೇ ಮೂರು ಈಡಿನ ಮಿತಿ ಬಂತು. ಐದರ ಕೋವಿಯೊಳಗೆ ಮರದ ಕಡ್ಡಿ ಹೊಕ್ಕಿತು.

ಅದರ ಹಿಂದಿನ ವರ್ಷವಷ್ಟೇ ಇನ್ನೊಂದು ಕಾನೂನು ಬಂದಿತ್ತು. ಕ್ಲೈಡ್ ಬ್ಯಾರೊನಂಥ ದರೋಡೆಕೋರರು ಇದೇ ರೆಮಿಂಗ್ಟನ್ ಕೋವಿಯ ನಳಿಗೆ ಮತ್ತು ಹಿಡಿಗಳನ್ನು ಗರಗಸದಿಂದ ಕತ್ತರಿಸಿ ಕೋಟಿನೊಳಗೆ ಅಡಗಿಸಿಕೊಳ್ಳುತ್ತಿದ್ದರು. 1934ರ ಕಾನೂನು 18 ಅಂಗುಲಕ್ಕಿಂತ ಗಿಡ್ಡ ನಳಿಗೆಯ ತೋಟಾಕೋವಿಗೆ ನೋಂದಣಿ ಕಡ್ಡಾಯ ಮಾಡಿ 200 ಡಾಲರ್ ತೆರಿಗೆ ವಿಧಿಸಿತು. ಆಗ ಆ ಹಣಕ್ಕೆ ಹಲವು ಹೊಸ ಕೋವಿಗಳೇ ಬರುತ್ತಿದ್ದವು. ಒಂದು ಕಾನೂನು ಉದ್ದವನ್ನು ಹಿಡಿಯಿತು, ಇನ್ನೊಂದು ಎಣಿಕೆಯನ್ನು. ಹವ್ಯಾಸಿಗೆ ಉಳಿದದ್ದು ನಳಿಗೆಯ ಬಾಯಿ.

ಅಲ್ಲಿ ಮಾಡಲು ಕೆಲಸ ಬೇಕಾದಷ್ಟಿತ್ತು. ತೋಟಾಕೋವಿಯಿಂದ ಹೊರಡುವುದು ಒಂದೇ ಗುಂಡಲ್ಲ, ನೂರಾರು ಚರೆಗಳು. ನಳಿಗೆಯ ತುದಿಯನ್ನು ಕೂದಲೆಳೆಯಷ್ಟು ಕಿರಿದುಗೊಳಿಸಿದರೆ ಚರೆಗಳು ಒತ್ತಾಗಿ ದೂರ ಸಾಗುತ್ತವೆ. ಕಿರಿದುಗೊಳಿಸದಿದ್ದರೆ ಬೇಗ ಹರಡುತ್ತವೆ. ಇದಕ್ಕೆ ಚೋಕ್ ಎನ್ನುತ್ತಾರೆ. 40 ಗಜ ದೂರದಲ್ಲಿ 30 ಅಂಗುಲದ ವೃತ್ತದೊಳಗೆ ಎಷ್ಟು ಚರೆ ಬಿದ್ದವು ಎಂಬುದು ಅಳತೆ. ಪೂರ್ಣ ಚೋಕ್‌ನಲ್ಲಿ ನೂರಕ್ಕೆ ಎಪ್ಪತ್ತು, ಚೋಕ್ ಇಲ್ಲದಿದ್ದರೆ ಸುಮಾರು ನಲವತ್ತು. ಎತ್ತರದ ಬಾತಿಗೆ ಒಂದು ಬೇಕು, ಪೊದೆಯಿಂದೇಳುವ ಕ್ವೇಲ್ ಹಕ್ಕಿಗೆ ಇನ್ನೊಂದು. ಎರಡು ಕೋವಿ ಕೊಳ್ಳಲು ಎಲ್ಲರಿಗೂ ಶಕ್ತಿಯೆಲ್ಲಿ?

ಸಾಲದ್ದಕ್ಕೆ ಸ್ಕೀಟ್ ಆಟ ಬೇರೆ ಹುಟ್ಟಿಕೊಂಡಿತ್ತು. ಮ್ಯಾಸಚೂಸೆಟ್ಸ್‌ನ ಆಂಡೋವರ್‌ನಲ್ಲಿ ಚಾರ್ಲ್ಸ್ ಡೇವಿಸ್ ಎಂಬಾತ ಗೆಳೆಯರೊಡನೆ ಗಡಿಯಾರದ ಮುಖದಂತೆ ವೃತ್ತಾಕಾರದಲ್ಲಿ ನಿಂತು ಮಣ್ಣಿನ ಬಿಲ್ಲೆಗಳನ್ನು ಹೊಡೆಯುವ ಅಭ್ಯಾಸ ಆರಂಭಿಸಿದ್ದ. ಪಕ್ಕದಲ್ಲಿ ಕೋಳಿ ಸಾಕಣೆ ಶುರುವಾದ್ದರಿಂದ ಆ ಕಡೆ ಚರೆ ಹಾರದಂತೆ ಪೂರ್ಣ ವೃತ್ತ ಅರ್ಧಕ್ಕಿಳಿಯಿತು. ಇಂದಿನ ಒಲಿಂಪಿಕ್ ಸ್ಕೀಟ್ ಅಂಗಣದ ಅರ್ಧವೃತ್ತಕ್ಕೆ ಈ ಕೋಳಿಗಳೇ ಮೂಲ! 1926ರಲ್ಲಿ ಪತ್ರಿಕೆಯೊಂದು 100 ಡಾಲರ್ ಬಹುಮಾನವಿಟ್ಟು ಹೆಸರು ಕೇಳಿದಾಗ ಮೊಂಟಾನದ ಗೃಹಿಣಿಯೊಬ್ಬರು ಸೂಚಿಸಿದ್ದು ‘ಸ್ಕೀಟ್’. ಇದರಲ್ಲಿ ಬಿಲ್ಲೆಗಳು ಹತ್ತಿರದಲ್ಲೇ ಹಾರುವುದರಿಂದ ಚರೆ ಬೇಗ ಹರಡಬೇಕು.

ಈ ಅಗತ್ಯಕ್ಕೆ ಬಂದದ್ದು ಕಟ್ಸ್ ಕಾಂಪೆನ್ಸೇಟರ್. ಅಮೆರಿಕದ ಮರೀನ್ ದಳದ ಅಧಿಕಾರಿ ರಿಚರ್ಡ್ ಕಟ್ಸ್ ರೂಪಿಸಿದ, ಸೀಳುಗಳಿರುವ ಲೋಹದ ಗೂಡು ಅದು. ಮೇಲಕ್ಕೆ ಹೊಗೆಯುಗುಳಿ ಒದೆತ ತಗ್ಗಿಸುತ್ತಿತ್ತು, ತುದಿಗೆ ಬೇರೆ ಬೇರೆ ಚೋಕ್ ನಳಿಕೆ ತಿರುಗಿಸಬಹುದಿತ್ತು. ಇದೇ ಸಾಧನದ ಇನ್ನೊಂದು ರೂಪ ಥಾಮ್ಸನ್ ಸಬ್‌ಮಷಿನ್ ಗನ್ನಿನ ಬಾಯಲ್ಲೂ ಇತ್ತು. ಇದರ ಪ್ರತಿಸ್ಪರ್ಧಿ ಪಾಲಿ ಚೋಕ್: ನಲ್ಲಿಯಂತೆ ಕೈಯಲ್ಲೇ ತಿರುಗಿಸಿ ಹರವು ಬದಲಿಸುವ ಬಳೆ. ಎರಡನ್ನೂ ಹಾಕಲು ಮೂಲ ನಳಿಗೆಯ ತುದಿಯನ್ನು ಕತ್ತರಿಸಬೇಕಿತ್ತು. ಸಾವಿರಾರು ಜನ ಸಂತೋಷದಿಂದ ಕತ್ತರಿಸಿದರು. ಹರ್ಸ್ತಾಲಿನ ಕುಶಲಕರ್ಮಿಗಳು ಬಾತು, ನಾಯಿಗಳನ್ನು ಕೈಯಿಂದಲೇ ಕೆತ್ತಿ ಕಳಿಸಿದ ಕೋವಿಗಳೂ ಕೊಳಾಯಿ ತುಂಡು ಸಿಕ್ಕಿಸಿದಂಥ ಮೂತಿ ಪಡೆದವು.

ಇಂದಿನ ಸಂಗ್ರಾಹಕರು ಇಂಥ ಕೋವಿ ಕಂಡರೆ ಹಣೆ ಚಚ್ಚಿಕೊಳ್ಳುತ್ತಾರೆ, ಬೆಲೆಯೂ ಕುಸಿಯುತ್ತದೆ. ಆದರೆ ಆ ಮೊದಲ ಒಡೆಯರನ್ನು ದೂರುವುದು ಅಷ್ಟು ನ್ಯಾಯವಲ್ಲ. ಅವರಿಗದು ವಸ್ತುಸಂಗ್ರಹಾಲಯದ ವಸ್ತುವಾಗಿರಲಿಲ್ಲ, ಶನಿವಾರದ ಸಂಗಾತಿಯಾಗಿತ್ತು. ಮುಂದೆ ಕಾರ್ಖಾನೆಗಳೇ ನಳಿಗೆಯೊಳಗೆ ಮರೆಯಾಗಿ ಕೂರುವ ಚೋಕ್ ನಳಿಕೆಗಳನ್ನು ಕೊಡತೊಡಗಿ, 1980ರ ದಶಕದ ವೇಳೆಗೆ ಗರಗಸದ ಕೆಲಸ ತಪ್ಪಿತು.

ಅಷ್ಟರಲ್ಲಿ ಜಗಳದ ವಿಷಯವೂ ಬದಲಾಗಿತ್ತು. ಈಗ ಪ್ರಶ್ನೆ ಹಕ್ಕಿಗಳದಲ್ಲ, ಮನುಷ್ಯರದು. 1968ರ ಕಾನೂನು ‘ಕ್ರೀಡೆಗೆ ಯೋಗ್ಯ’ವಾದ ಕೋವಿಗಳನ್ನಷ್ಟೇ ಆಮದು ಮಾಡಬಹುದೆಂದಿತ್ತು. 1990ರ ಕಾನೂನು ಇನ್ನೂ ಮುಂದೆ ಹೋಗಿ, ಆಮದಿಗೆ ಅನರ್ಹವಾದ ಅರೆ ಸ್ವಯಂಚಾಲಿತ ಕೋವಿಯನ್ನು ವಿದೇಶಿ ಭಾಗಗಳಿಂದ ಜೋಡಿಸಬಾರದೆಂದಿತು. ಅದರಡಿ ಬಂದ ನಿಯಮ 20 ಭಾಗಗಳ ಪಟ್ಟಿ ಮಾಡಿ, ಅವುಗಳಲ್ಲಿ ವಿದೇಶಿ ಭಾಗಗಳು ಹತ್ತಕ್ಕಿಂತ ಹೆಚ್ಚಿರಕೂಡದೆಂದು ನಿಗದಿಪಡಿಸಿತು. ಫಲವೇನಾಯಿತು? ರಷ್ಯದ ಇಝೆವ್‌ಸ್ಕ್‌ನಿಂದ ಕಲಾಶ್ನಿಕೋವ್ ಮಾದರಿಯ ‘ಸೈಗಾ 12’ ಕೋವಿ ಸಾದಾ ಬೇಟೆಯ ವೇಷದಲ್ಲಿ ಬಂದಿಳಿಯಿತು. ಹವ್ಯಾಸಿಗಳು ಅಮೆರಿಕದಲ್ಲಿ ತಯಾರಾದ ಭಾಗಗಳನ್ನು ಎಣಿಸಿ ಎಣಿಸಿ ಹಾಕಿ, ಕಾನೂನಿನೊಳಗೇ ಅದರ ವೇಷ ಕಳಚಿದರು. ನಿರ್ಬಂಧಿಸಲು ಹೊರಟ ನಿಯಮವೇ ಬಿಡಿಭಾಗಗಳ ಹೊಸ ಮಾರುಕಟ್ಟೆ ತೆರೆಯಿತು. ಉಕ್ರೇನ್ ವಿವಾದದ ಹಿನ್ನೆಲೆಯಲ್ಲಿ 2014ರಲ್ಲಿ ದಿಗ್ಬಂಧನ ಬಂದು ಸೈಗಾ ಆಮದು ನಿಂತಿತು.

1994ರಿಂದ 2004ರವರೆಗೆ ಜಾರಿಯಲ್ಲಿದ್ದ ಇನ್ನೊಂದು ಕಾನೂನು ಕೋವಿಯನ್ನು ಅದರ ಅಂಗಾಂಗಗಳಿಂದಲೇ ಗುರುತಿಸಿತು. ಮಡಚುವ ಹಿಡಿ, ಪಿಸ್ತೂಲಿನಂಥ ಹಿಡಿಕೆ, ಐದಕ್ಕಿಂತ ಹೆಚ್ಚು ತೋಟಾ ಹಿಡಿಯುವ ಕೊಳವೆ, ಕಳಚಬಲ್ಲ ಡಬ್ಬಿ – ಇವುಗಳಲ್ಲಿ ಎರಡಿದ್ದರೆ ಹೊಸ ಅರೆ ಸ್ವಯಂಚಾಲಿತ ತೋಟಾಕೋವಿ ‘ದಾಳಿ ಆಯುಧ’ ಎನಿಸಿಕೊಳ್ಳುತ್ತಿತ್ತು. ಹವ್ಯಾಸಿಯ ಖರೀದಿ ಪಟ್ಟಿ ಮತ್ತು ಸಂಸತ್ತಿನ ನಿಷೇಧ ಪಟ್ಟಿ ಎರಡೂ ಒಂದೇ ಆಗಿದ್ದ ದಶಕ ಅದು. ಅದರ ಪಕ್ಕದಲ್ಲೇ ರೈಫಲ್, ಪಿಸ್ತೂಲು, ತೋಟಾಕೋವಿ ಮೂರನ್ನೂ ಬಳಸುವ ‘ತ್ರೀ ಗನ್’ ಸ್ಪರ್ಧೆಗಳು ಬೆಳೆಯುತ್ತಿದ್ದವು. ಅಲ್ಲಿ ಗೆಲುವು ಸೆಕೆಂಡುಗಳ ಲೆಕ್ಕ. ಇಟಲಿಯ ಬೆನೆಲ್ಲಿ ಕೋವಿಗೆ ಉದ್ದ ಕೊಳವೆ, ದಪ್ಪ ಹಿಡಿಗುಬ್ಬಿ, ತೋಟಾ ತುಂಬಲು ಅಗಲಿಸಿದ ಬಾಯಿ ಸಾಮಾನ್ಯವಾದವು.

ಭಾರತದಲ್ಲಿ ಈ ಹವ್ಯಾಸಕ್ಕೆ ನೆಲೆಯಿಲ್ಲ. ಆಯುಧ ನಿಯಮಗಳ ಪ್ರಕಾರ ಅರೆ ಸ್ವಯಂಚಾಲಿತ ತೋಟಾಕೋವಿ ಸಾಮಾನ್ಯ ಪರವಾನಗಿಗೆ ಸಿಗುವಂಥದಲ್ಲ. 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆಯ ಮಾತೂ ಇಲ್ಲ.

ಇನ್ನು ಮರದ ಕಡ್ಡಿ. ಬಾತುಗಳು ಚೇತರಿಸಿಕೊಂಡರೂ ಅದು ತನ್ನ ಜಾಗ ಬಿಡಲಿಲ್ಲ. ಆದರೆ 1990ರ ದಶಕದ ವೇಳೆಗೆ ಹಿಮ ಹೆಬ್ಬಾತುಗಳು ಬೇಕಾದ್ದಕ್ಕಿಂತ ಹೆಚ್ಚಾದವು. ದಕ್ಷಿಣದ ಹೊಲಗಳಲ್ಲಿ ಚೆಲ್ಲಿದ ಭತ್ತ, ಜೋಳ ತಿಂದು ಕೊಬ್ಬಿದ ಅವು ಬೇಸಿಗೆಯಲ್ಲಿ ಆರ್ಕ್ಟಿಕ್‌ನ ಹುಲ್ಲನ್ನು ಬೇರುಸಹಿತ ಕಿತ್ತು ತಮ್ಮ ತವರನ್ನೇ ಬರಡು ಮಾಡತೊಡಗಿದವು. 1999ರಲ್ಲಿ ಸರ್ಕಾರವೇ ವಿಶೇಷ ಆದೇಶ ಹೊರಡಿಸಿ, ಈ ಹಕ್ಕಿಗಳ ಮಟ್ಟಿಗೆ, ಬೇರೆ ನೀರುಹಕ್ಕಿಗಳ ಬೇಟೆ ಮುಗಿದ ಅವಧಿಯಲ್ಲಿ, ಕಡ್ಡಿಯಿಲ್ಲದ ಕೋವಿಗೆ ಅನುಮತಿ ಕೊಟ್ಟಿತು. ಹೀಗಾಗಿ ಚಳಿಗಾಲದ ಕೊನೆಗೆ ಹೆಬ್ಬಾತು ಬೇಟೆಗಾರರು ಕೋವಿ ಬಿಚ್ಚಿ ಕಡ್ಡಿ ಹೊರಗೆಳೆದು, ಉದ್ದ ಕೊಳವೆ ತಿರುಗಿಸಿ, ಮೈದಾನಕ್ಕೆ ಹೋಗುತ್ತಾರೆ. ಕಡ್ಡಿಯನ್ನು ಮಾತ್ರ ಎಸೆಯುವುದಿಲ್ಲ. ಶರತ್ಕಾಲಕ್ಕೆ ಬಾತುಗಳು ಬಂದಾಗ ಅದು ಮತ್ತೆ ಒಳಗೆ ಹೋಗಬೇಕು.